ಸಾಕುಹಾವುಗಳಿಗೆ ಹೆಪ್ಪುಗಟ್ಟಿಸಿದ ದಂಶಕಗಳ ಆಹಾರ

ಹೆಪ್ಪುಗಟ್ಟಿಸಿದ ದಂಶಕಗಳ ಆಹಾರ ಎಂದರೆ, ಮೊದಲೇ ಕೊಂದು ಫ್ರೀಜರಿನಲ್ಲಿ ಕಾಪಿಟ್ಟ ಇಲಿ, ಚಿಟ್ಟಿಲಿ ಮುಂತಾದ ದಂಶಕಗಳನ್ನು ಕರಗಿಸಿ, ಬೆಚ್ಚಗೆ ಮಾಡಿ, ಸೆರೆಯಲ್ಲಿ ಸಾಕಿದ ಹಾವುಗಳಿಗೆ ಉಣಿಸುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್ ಹಾಗೂ ಯುರೋಪಿನ ಹಲವು ದೇಶಗಳಲ್ಲಿ ಹಾವು ಸಾಕುವವರು ಹೆಚ್ಚಾಗಿ ಅನುಸರಿಸುವ ಕ್ರಮವಿದು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಮಿಲ್ಕ್ ಸ್ನೇಕ್ ಹಾಗೂ ಬೋವಾ ಕನ್‌ಸ್ಟ್ರಿಕ್ಟರ್ ಈ ರೀತಿ ಸಾಕಲ್ಪಡುವ ಮುಖ್ಯ ಹಾವುಗಳು.

ಈ ಪದ್ಧತಿಯಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳಿವೆ. ಮೊದಲನೆಯದು ಕರಗಿಸುವುದು; ಇದು ತಂಪಿನಲ್ಲಿ, ನಿಧಾನವಾಗಿ ನಡೆಯಬೇಕು. ಎರಡನೆಯದು ಬೆಚ್ಚಗಾಗಿಸುವುದು, ಇದು ಉಣಿಸುವ ಸ್ವಲ್ಪವೇ ಮೊದಲು, ಶೀಘ್ರವಾಗಿ ನಡೆಯಬೇಕು. ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸಿ ದಂಶಕವನ್ನು ಹೊತ್ತುಗಟ್ಟಲೆ ಬೆಚ್ಚನೆಯ ಜಾಗದಲ್ಲಿ ಬಿಡುವುದರಿಂದ ಹಾವಿನ ಆರೋಗ್ಯ ಕೆಡುವುದಲ್ಲದೆ, ಮನೆಯ ಮಕ್ಕಳಿಗೆ ಸೋಂಕು ತಗಲುವ ಅಪಾಯವೂ ಹೆಚ್ಚುತ್ತದೆ. ಹೆಪ್ಪುಗಟ್ಟಿಸುವುದರಿಂದ ಆಹಾರ ಕೆಡದೆ ಉಳಿಯುತ್ತದೆಯೇ ಹೊರತು ಅದರಲ್ಲಿರುವ ರೋಗಾಣುಗಳು ಸಾಯುವುದಿಲ್ಲ.

ಕನ್ನಡದ ಆಡುಮಾತಿನಲ್ಲಿ ‘ಇಲಿ’ ಎಂಬ ಒಂದೇ ಪದವು ಹಲವು ಪ್ರಾಣಿಗಳಿಗೆ ಸಲ್ಲುತ್ತದೆ. ಈ ಲೇಖನದಲ್ಲಿ ಮೌಸ್ ಎಂಬ ಸಣ್ಣ ಪ್ರಾಣಿಗೆ ‘ಚಿಟ್ಟಿಲಿ’ ಎಂದೂ ರ‍್ಯಾಟ್ ಎಂಬ ದೊಡ್ಡ ಪ್ರಾಣಿಗೆ ‘ಇಲಿ’ ಎಂದೂ ಹೇಳಲಾಗಿದೆ. ಇಲ್ಲಿ ಪ್ರಸ್ತಾಪವಾಗುವ ಎರಡೂ ಪ್ರಯೋಗಾಲಯದ ತಳಿಗಳಿಂದ ಬಂದ ಸಾಕುಪ್ರಾಣಿಗಳೇ ಹೊರತು ಗದ್ದೆ, ಚರಂಡಿಗಳಲ್ಲಿ ಹಿಡಿದವಲ್ಲ. ಹೊರಗೆ ಹಿಡಿದ ಇಲಿಗಳ ದೇಹದಲ್ಲಿ ಇಲಿಪಾಷಾಣದ ಅಂಶವೂ ಪರೋಪಜೀವಿಗಳೂ ಇರಬಹುದಾದ್ದರಿಂದ ಅವನ್ನು ಹಾವಿಗೆ ಕೊಡುವುದು ಸರ್ವಥಾ ಸಲ್ಲದು.

ಹಿನ್ನೆಲೆ

ಹಾವುಗಳೆಲ್ಲವೂ ಮಾಂಸಾಹಾರಿಗಳು. ಅವು ಬೇಟೆಯನ್ನು ಅಗಿಯದೆ ಇಡಿಯಾಗಿ ನುಂಗುತ್ತವೆ. ಹೀಗಾಗಿ ಮೂಳೆಯ ಸುಣ್ಣ, ಯಕೃತ್ತಿನ ಜೀವಸತ್ವ, ಸ್ನಾಯುವಿನ ಪ್ರೋಟೀನು ಎಲ್ಲವೂ ಒಂದೇ ತುತ್ತಿನಲ್ಲಿ ದೊರೆಯುತ್ತವೆ. ಕತ್ತರಿಸಿದ ಕೋಳಿಮಾಂಸ ಅಥವಾ ಕುರಿಮಾಂಸದ ತುಂಡು ಇದಕ್ಕೆ ಬದಲಿಯಾಗಲಾರದು. ಹಾಲಂತೂ ಹಾವಿನ ಆಹಾರವೇ ಅಲ್ಲ. ನಾಗರಪಂಚಮಿಯಂದು ಹಾವಿಗೆ ಹಾಲೆರೆಯುವ ಆಚರಣೆಯಿಂದಾಗಿ ಹಾವು ಹಾಲು ಕುಡಿಯುತ್ತದೆಂಬ ನಂಬಿಕೆ ಕರ್ನಾಟಕದಲ್ಲಿ ಬಲವಾಗಿದೆ. ಹಾಲನ್ನು ಜೀರ್ಣಿಸಿಕೊಳ್ಳುವ ಸಾಮರ್ಥ್ಯ ಸರೀಸೃಪಗಳಿಗೆ ಇಲ್ಲ; ನೀರಿಲ್ಲದೆ ಬಳಲಿದ ಹಾವು ಮಾತ್ರ ಸಿಕ್ಕಿದ ಯಾವುದೇ ದ್ರವವನ್ನು ಕುಡಿಯುತ್ತದೆ.

ಮೊದಮೊದಲು ಹಾವು ಸಾಕುವವರು ಜೀವಂತ ಇಲಿಗಳನ್ನೇ ಹಾವಿನ ಗೂಡಿನೊಳಗೆ ಬಿಡುತ್ತಿದ್ದರು. ಕಾಡಿನಲ್ಲಿ ಹಾವಿಗೂ ಇಲಿಗೂ ತಪ್ಪಿಸಿಕೊಳ್ಳಲು ಸ್ಥಳವಿರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರಿಗೂ ಇಲ್ಲ. ಹಸಿವಿಲ್ಲದ ಅಥವಾ ಪೊರೆ ಬಿಡಲು ಸಿದ್ಧವಾಗುತ್ತಿರುವ ಹಾವು ಇಲಿಯನ್ನು ಹಿಡಿಯದೆ ಸುಮ್ಮನೆ ಬಿದ್ದಿರುತ್ತದೆ. ಆಗ ಇಲಿಯೇ ಹಾವನ್ನು ಕಡಿಯತೊಡಗುತ್ತದೆ. ರಾತ್ರಿಯಿಡೀ ಹೀಗೆ ಬಿಟ್ಟ ಹಾವುಗಳ ಬೆನ್ನಿನ ಚರ್ಮ ಕಿತ್ತುಹೋಗಿ ಬೆನ್ನೆಲುಬು ಕಾಣುವಂತಾದ, ಕಣ್ಣು ಕಳೆದುಕೊಂಡ, ಗಾಯ ಕೀವುಗಟ್ಟಿ ಸತ್ತ ಪ್ರಕರಣಗಳನ್ನು ಸರೀಸೃಪಗಳ ಪಶುವೈದ್ಯರು ಇಂದಿಗೂ ಕಾಣುತ್ತಾರೆ. ಇಲಿಯ ಯಾತನೆಯೂ ಕಡಿಮೆಯದಲ್ಲ. ಬ್ರಿಟನ್ನಿನಲ್ಲಿ 2006ರ ಪ್ರಾಣಿಕಲ್ಯಾಣ ಕಾಯಿದೆಯು ಜೀವಂತ ಕಶೇರುಕವನ್ನು ಉಣಿಸುವುದನ್ನು ಹೆಸರಿಸಿ ನಿಷೇಧಿಸಿಲ್ಲವಾದರೂ, ಮನುಷ್ಯನ ಅಧೀನದಲ್ಲಿರುವ ಪ್ರಾಣಿಗೆ ಅನಗತ್ಯ ಯಾತನೆ ಕೊಡುವುದು ಅದರಡಿ ಅಪರಾಧವಾಗಿದೆ. ಉಣಿಸಲು ತಂದ ಇಲಿಗೂ ಈ ರಕ್ಷಣೆ ಅನ್ವಯಿಸುತ್ತದೆ.

ಫ್ರೀಜರ್ ಮನೆಮನೆಯ ಉಪಕರಣವಾದ ಮೇಲೆ, 20ನೇ ಶತಮಾನದ ಕೊನೆಯ ದಶಕಗಳಲ್ಲಿ, ಹೆಪ್ಪುಗಟ್ಟಿಸಿದ ದಂಶಕಗಳ ಮಾರಾಟ ಒಂದು ಉದ್ಯಮವಾಗಿ ಬೆಳೆಯಿತು. ಇಂಥ ಕೇಂದ್ರಗಳಲ್ಲಿ ದಂಶಕಗಳನ್ನು ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಕೊಲ್ಲಲಾಗುತ್ತದೆ. ಅಮೆರಿಕದ ಪಶುವೈದ್ಯಕೀಯ ಸಂಘದ 2020ರ ಮಾರ್ಗಸೂಚಿಯ ಪ್ರಕಾರ ಅನಿಲವನ್ನು ಒಮ್ಮೆಲೇ ತುಂಬದೆ, ಪ್ರತಿ ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇ. 30ರಿಂದ 70ರಷ್ಟು ಪ್ರಮಾಣದಲ್ಲಿ ಹರಿಸಬೇಕು. ಆಗತಾನೆ ಹುಟ್ಟಿದ ಮರಿಗಳು ಆಮ್ಲಜನಕದ ಕೊರತೆಯನ್ನು ಬಹಳ ಹೊತ್ತು ತಾಳಿಕೊಳ್ಳಬಲ್ಲವು. ಅವು ಸಾಯಲು ವಯಸ್ಕ ಪ್ರಾಣಿಗಿಂತ ಹೆಚ್ಚು ಸಮಯ ಬೇಕಾಗುತ್ತದೆ. ಜೀವಂತ ಇಲಿಯನ್ನು ನೇರವಾಗಿ ಫ್ರೀಜರಿನಲ್ಲಿಟ್ಟು ಕೊಲ್ಲುವುದು ಕ್ರೂರವಾದುದು. ಮನೆಯಲ್ಲಿ ಇಲಿ ಬೆಳೆಸುವವರೂ ಇದನ್ನು ಮಾಡಬಾರದು.

ಹಾವು ಬೇಟೆಯನ್ನು ಗುರುತಿಸುವ ಬಗೆ

ಸತ್ತ ಇಲಿಯನ್ನು ಬೆಚ್ಚಗೆ ಮಾಡುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಹಾವಿನ ಇಂದ್ರಿಯಗಳಲ್ಲಿದೆ. ಹಾವು ಸೀಳುನಾಲಿಗೆಯನ್ನು ಹೊರಚಾಚಿ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಹಿಡಿದು, ಬಾಯಿಯ ಮೇಲಂಗುಳದಲ್ಲಿರುವ ಜೇಕಬ್ಸನ್ ಅಂಗಕ್ಕೆ ತಲುಪಿಸುತ್ತದೆ. ಪೂರ್ತಿ ಹೆಪ್ಪುಗಟ್ಟಿದ ವಸ್ತುವಿನಿಂದ ವಾಸನೆಯ ಕಣಗಳು ಹೊರಬರುವುದು ತೀರ ಕಡಿಮೆ. ಇಲಿ ಬೆಚ್ಚಗಾದಷ್ಟೂ ಅದರ ವಾಸನೆ ಹರಡುತ್ತದೆ. ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್‌ಗಳು ಬಹುಮಟ್ಟಿಗೆ ವಾಸನೆ ಮತ್ತು ದೃಷ್ಟಿಯನ್ನೇ ಅವಲಂಬಿಸುವುದರಿಂದ ಅವುಗಳಲ್ಲಿ ಅನೇಕವು ಅಷ್ಟೇನೂ ಬಿಸಿಯಿಲ್ಲದ ಚಿಟ್ಟಿಲಿಯನ್ನೂ ನುಂಗುತ್ತವೆ.

ಹೆಬ್ಬಾವುಗಳ ವಿಷಯ ಬೇರೆ. ಬಾಲ್ ಪೈಥಾನಿನ ಮೇಲ್ದುಟಿಯ ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳ ಸಾಲು ಕಾಣುತ್ತದೆ. ಇವು ಅವಕೆಂಪು ಕಿರಣಗಳನ್ನು, ಎಂದರೆ ಶಾಖವನ್ನು, ಗ್ರಹಿಸುವ ಅಂಗಗಳು. ಬೋವಾಗಳಲ್ಲಿ ಹಲವು ಪ್ರಭೇದಗಳಿಗೂ ಗುಳಿಮಂಡಲಗಳಿಗೂ ಈ ಶಕ್ತಿಯಿದೆ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು, ಈ ಕುಳಿಗಳ ನರತಂತುಗಳಲ್ಲಿ ಟಿಆರ್‌ಪಿಎ1 ಎಂಬ ಪ್ರೋಟೀನು ಶಾಖಕ್ಕೆ ಸ್ಪಂದಿಸುತ್ತದೆಂದು ತೋರಿಸಿತು. ಆ ತಂಡದಲ್ಲಿದ್ದ ಡೇವಿಡ್ ಜೂಲಿಯಸ್ ಅವರು ಮುಂದೆ ತಾಪ ಹಾಗೂ ಸ್ಪರ್ಶಗ್ರಾಹಕಗಳ ಶೋಧಕ್ಕಾಗಿ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸುತ್ತಲಿನ ವಾತಾವರಣಕ್ಕಿಂತ ಬೆಚ್ಚಗಿಲ್ಲದ ಇಲಿ ಬಾಲ್ ಪೈಥಾನಿಗೆ ಬೇಟೆಯಾಗಿ ತೋರುವುದೇ ಇಲ್ಲ. ಈ ಹಾವುಗಳು ‘ಹಟಮಾರಿ’ ಎಂದು ಹೆಸರು ಪಡೆಯಲು ಒಂದು ಕಾರಣ, ಅವುಗಳ ಮುಂದೆ ತಣ್ಣಗಿನ ಊಟವನ್ನು ಇಟ್ಟಿರುವುದೇ.

ಶಾಖದ ಜೊತೆಗೆ ಚಲನೆಯೂ ಮುಖ್ಯ. ಅಮೆರಿಕದ ಪೆನ್ಸಿಲ್ವೇನಿಯಾದ ಡಿಕಿನ್‌ಸನ್ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ. ಅವರು ಸತ್ತ ಇಲಿಗಳನ್ನು ಬೆಚ್ಚಗೆ ಮಾಡಿ, ಕೆಲವುಗಳ ದೇಹದೊಳಗೆ ಮಿಡಿಯುವ ಕೃತಕ ಹೃದಯವನ್ನಿಟ್ಟು ಬೋವಾಗಳಿಗೆ ಕೊಟ್ಟರು. ಮಿಡಿತವಿದ್ದ ಇಲಿಗಳನ್ನು ಹಾವುಗಳು ಹೆಚ್ಚು ಹೊತ್ತು, ಹೆಚ್ಚು ಬಲದಿಂದ ಬಿಗಿದವು. ಎಂದೂ ಜೀವಂತ ಬೇಟೆಯನ್ನು ಕಂಡಿರದ ಹಾವುಗಳೂ ಹಾಗೆಯೇ ವರ್ತಿಸಿದವು. ಸತ್ತ ಇಲಿಯನ್ನು ಹಾವು ಸುತ್ತಿಕೊಂಡ ಮೇಲೆ ಚಿಮಟದಿಂದ ಮೆಲ್ಲಗೆ ಒಂದೆರಡು ಬಾರಿ ಅಲುಗಿಸುವ ಸಾಕುವವರ ರೂಢಿಗೆ ಇದು ಒಳ್ಳೆಯ ಸಮರ್ಥನೆ.

ಗಾತ್ರ ಮತ್ತು ಸಂಗ್ರಹ

ಮಾರಾಟಗಾರರು ದಂಶಕಗಳನ್ನು ವಯಸ್ಸಿಗನುಗುಣವಾಗಿ ವಿಂಗಡಿಸುತ್ತಾರೆ. ಕೂದಲಿಲ್ಲದ ನವಜಾತ ಮರಿಗೆ ಪಿಂಕಿ, ಕೂದಲು ಚಿಗುರಿದ ಮರಿಗೆ ಫಜ್ಜಿ, ಕಣ್ಣು ತೆರೆದು ಕುಪ್ಪಳಿಸುವ ಮರಿಗೆ ಹಾಪರ್ ಎಂದು ಹೆಸರು. ಚಿಟ್ಟಿಲಿಯ ಪಿಂಕಿ ಸುಮಾರು 2 ಗ್ರಾಂ ತೂಗಿದರೆ ಬೆಳೆದ ಚಿಟ್ಟಿಲಿ 20ರಿಂದ 30 ಗ್ರಾಂ ತೂಗುತ್ತದೆ. ಬೆಳೆದ ಇಲಿ 250 ಗ್ರಾಂ ಮೀರಬಹುದು. ಹಾವಿನ ಮೈಯ ಅತಿ ದಪ್ಪನಾದ ಭಾಗಕ್ಕೆ ಸಮನಾದ ದಪ್ಪದ ದಂಶಕವನ್ನು ಆರಿಸಬೇಕೆಂಬುದು ವಾಡಿಕೆಯ ನಿಯಮ. ಮರಿಹಾವಿಗೆ 5ರಿಂದ 7 ದಿನಗಳಿಗೊಮ್ಮೆ, ಬೆಳೆದ ಹಾವಿಗೆ 2ರಿಂದ 4 ವಾರಗಳಿಗೊಮ್ಮೆ ಆಹಾರ ಸಾಕಾಗುತ್ತದೆ. ಸಾಕುಹಾವುಗಳಲ್ಲಿ ಹಸಿವಿಗಿಂತ ಬೊಜ್ಜಿನ ಸಮಸ್ಯೆಯೇ ಹೆಚ್ಚೆಂಬುದನ್ನು ಹೊಸದಾಗಿ ಸಾಕುವವರು ನಂಬುವುದು ಕಷ್ಟ.

ಸಂಗ್ರಹದ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಸಾಧ್ಯವಾದರೆ ಮನೆಯವರ ಆಹಾರವಿಡದ ಬೇರೆಯೇ ಫ್ರೀಜರಿನಲ್ಲಿಡಬೇಕು. ಹೆಪ್ಪುಗಟ್ಟಿದ್ದರೂ ಕೊಬ್ಬು ನಿಧಾನವಾಗಿ ಆಮ್ಲಜನಕದೊಡನೆ ಸೇರಿ ಕಮಟಾಗುತ್ತದೆ, ಅದರೊಡನೆ ಇ ಜೀವಸತ್ವವೂ ಕುಗ್ಗುತ್ತದೆ. ಆದುದರಿಂದ ವರ್ಷಗಟ್ಟಲೆ ಕೂಡಿಡದೆ ಕೆಲವು ತಿಂಗಳುಗಳೊಳಗೆ ಬಳಸುವುದು ಲೇಸು. ಚೀಲದ ಮೇಲೆ ದಿನಾಂಕ ಬರೆದಿಡುವ ಸಣ್ಣ ಅಭ್ಯಾಸ ಇಲ್ಲಿ ಉಪಯುಕ್ತ. ದೀರ್ಘಕಾಲದ ಅತಿಶೀತವು ಉಣ್ಣಿ, ನುಸಿ ಮತ್ತು ಹಲವು ಜಂತುಹುಳುಗಳನ್ನು ಕೊಲ್ಲುತ್ತದೆ. ಜೀವಂತ ಇಲಿಗಿಂತ ಇದು ಮೇಲೆನ್ನಲು ಇದೂ ಒಂದು ಕಾರಣ. ಆದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಮಂಜಿನಲ್ಲಿ ಸುಪ್ತವಾಗಿದ್ದು, ಬೆಚ್ಚಗಾದೊಡನೆ ಮತ್ತೆ ವೃದ್ಧಿಯಾಗುತ್ತವೆ.

ಕರಗಿಸುವುದು

ಮಂಜುಗಡ್ಡೆ ಕರಗಲು ಎಷ್ಟು ಶಾಖ ಬೇಕೆಂಬುದನ್ನು ಸಾಮಾನ್ಯವಾಗಿ ಜನರು ಕಡಿಮೆಯಾಗಿ ಅಂದಾಜು ಮಾಡುತ್ತಾರೆ. 0 ಡಿಗ್ರಿಯಲ್ಲಿರುವ 1 ಗ್ರಾಂ ಮಂಜುಗಡ್ಡೆಯನ್ನು ಅದೇ ಉಷ್ಣತೆಯ ನೀರಾಗಿಸಲು ಸುಮಾರು 334 ಜೂಲ್ ಶಾಖ ಬೇಕು. ಇದು ಶಾಲೆಯ ವಿಜ್ಞಾನಪಾಠದಲ್ಲಿ ಬರುವ ‘ಗುಪ್ತೋಷ್ಣ’. ಹಾಗೆ ಕರಗಿದ ನೀರನ್ನು 0ಯಿಂದ 37 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 155 ಜೂಲ್ ಮಾತ್ರ. ಎಂದರೆ ಬೆಚ್ಚಗಾಗಿಸುವುದಕ್ಕಿಂತ ಕರಗಿಸುವುದಕ್ಕೆ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಇಲಿಯ ದೇಹದ ಬಹುಭಾಗ ನೀರು. ಹೊರಚರ್ಮ ಮೆತ್ತಗಾದರೂ ಹೊಟ್ಟೆಯ ನಡುವೆ ಗಡ್ಡೆ ಉಳಿಯುವುದು ಇದರಿಂದಲೇ. ಮುಟ್ಟಿ ನೋಡಿದಾಗ ಮೆತ್ತಗಿರುವ ಇಲಿಯ ಒಳಗೆ ಮಂಜು ಇರಬಹುದು.

ಅತ್ಯಂತ ಸುರಕ್ಷಿತವಾದ ವಿಧಾನವೆಂದರೆ ದಂಶಕವನ್ನು ಮುಚ್ಚಿದ ಚೀಲದಲ್ಲಿಟ್ಟು, ಆ ಚೀಲವನ್ನು ಮುಚ್ಚಳವುಳ್ಳ ಡಬ್ಬಿಯೊಳಗೆ ಹಾಕಿ, ಸುಮಾರು 4 ಡಿಗ್ರಿ ಉಷ್ಣತೆಯ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಇರಿಸುವುದು. ಕೆಳಗಿನ ಅಂತಸ್ತೇ ಏಕೆಂದರೆ, ಚೀಲ ಒಸರಿದರೂ ಇತರ ಆಹಾರದ ಮೇಲೆ ಬೀಳಬಾರದು. ಪಿಂಕಿ ಕೆಲವೇ ಗಂಟೆಗಳಲ್ಲಿ ಕರಗುತ್ತದೆ. ಬೆಳೆದ ಚಿಟ್ಟಿಲಿಗೆ ಒಂದು ರಾತ್ರಿ ಸಾಕು. ದೊಡ್ಡ ಇಲಿಗೆ ಇಡೀ ದಿನ ಹಿಡಿಯಬಹುದು. 4 ಡಿಗ್ರಿಗಿಂತ ಕೆಳಗೆ ರೋಗಾಣುಗಳ ವೃದ್ಧಿ ಬಹಳ ಮಂದವಾಗಿರುವುದರಿಂದ ಈ ಕಾಯುವಿಕೆಯಲ್ಲಿ ಅಪಾಯವಿಲ್ಲ.

ಅವಸರವಿದ್ದಾಗ ಚೀಲದೊಡನೆ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತ ಕರಗಿಸಬಹುದು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ 20 ಪಟ್ಟಿಗೂ ಹೆಚ್ಚಾದ್ದರಿಂದ ತಣ್ಣೀರಿನಲ್ಲಿಯೂ ದಂಶಕ ಬೇಗ ಕರಗುತ್ತದೆ. ಅಡುಗೆಯ ಮೇಜಿನ ಮೇಲೆ ತೆರೆದಿಟ್ಟು ಸಂಜೆಯವರೆಗೆ ಬಿಡುವ ರೂಢಿ ಸರಿಯಲ್ಲ. ಹೊರಮೈ ಕೋಣೆಯ ಉಷ್ಣತೆಗೆ ಏರಿ ಗಂಟೆಗಳಾಗಿರುತ್ತವೆ; ಒಳಗಿನ್ನೂ ಮಂಜಿರುತ್ತದೆ. 5ರಿಂದ 60 ಡಿಗ್ರಿವರೆಗಿನ ಉಷ್ಣತೆ ಬ್ಯಾಕ್ಟೀರಿಯಾಗಳ ವೃದ್ಧಿಗೆ ಅನುಕೂಲಕರವಾದುದು. ಹೆಪ್ಪುಗಟ್ಟುವಾಗ ಉಂಟಾದ ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳಿರುವುದರಿಂದ ಕರಗಿದ ದೇಹ ತಾಜಾ ದೇಹಕ್ಕಿಂತ ಬೇಗ ಕೊಳೆಯುತ್ತದೆ. ಕೊಳೆಯುವಿಕೆ ಕರುಳಿನಿಂದ ಮೊದಲಾಗುತ್ತದೆ. ಹೊಟ್ಟೆಯ ಚರ್ಮ ಹಸಿರುಗಟ್ಟಿದ, ಉಬ್ಬಿದ ಅಥವಾ ದುರ್ವಾಸನೆಯ ದಂಶಕವನ್ನು ಎಸೆಯಬೇಕು. ಒಮ್ಮೆ ಕರಗಿದುದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಬೆಚ್ಚಗಾಗಿಸುವುದು

ಪೂರ್ತಿ ಕರಗಿದ ಬಳಿಕ, ಉಣಿಸುವ 10ರಿಂದ 20 ನಿಮಿಷಗಳ ಮುಂಚೆ, ದಂಶಕವನ್ನು ಚೀಲದೊಡನೆಯೇ ಬಿಸಿನೀರಿನಲ್ಲಿಡಬೇಕು. ನೀರು 40ರಿಂದ 45 ಡಿಗ್ರಿ ಇದ್ದರೆ ಸಾಕು. ಸ್ನಾನಕ್ಕೆ ಹಿತವಾಗುವ ಬಿಸಿಗಿಂತ ತುಸು ಹೆಚ್ಚು ಎನ್ನಬಹುದು. ದಂಶಕದ ಹೊರಮೈ ಜೀವಂತ ಸಸ್ತನಿಯ ಮೈಬಿಸಿಗೆ, ಎಂದರೆ 37ರಿಂದ 40 ಡಿಗ್ರಿಗೆ, ಹತ್ತಿರ ಬರಬೇಕೆಂಬುದು ಉದ್ದೇಶ. ಸ್ಪರ್ಶವಿಲ್ಲದೆ ಉಷ್ಣತೆ ಅಳೆಯುವ ಅವಕೆಂಪು ಉಷ್ಣಮಾಪಕವು ಊಹೆಯ ಕಷ್ಟವನ್ನು ತಪ್ಪಿಸುತ್ತದೆ. ಬಾಲ್ ಪೈಥಾನಿಗೆ ಕೊಡುವಾಗ ಕೆಲವರು ಕೊನೆಯ ಗಳಿಗೆಯಲ್ಲಿ ಕೂದಲೊಣಗಿಸುವ ಯಂತ್ರದಿಂದ ಇಲಿಯ ತಲೆಯನ್ನು ಮತ್ತಷ್ಟು ಬೆಚ್ಚಗೆ ಮಾಡುತ್ತಾರೆ. ಹಾವು ಅತಿ ಬಿಸಿಯಾದ ಭಾಗವನ್ನು ಗುರಿಯಿಟ್ಟು ಹಿಡಿಯುವುದರಿಂದ ತಲೆಯ ಕಡೆಯಿಂದ ನುಂಗಲು ಇದು ಅನುಕೂಲ.

ಕುದಿಯುವ ನೀರು ಸಲ್ಲದು. ಚರ್ಮ ಬೆಂದು, ಹೊಟ್ಟೆ ಬಿರಿದು, ಕರುಳು ಹೊರಬರುತ್ತದೆ. ಚೀಲವಿಲ್ಲದೆ ನೇರವಾಗಿ ನೀರಿನಲ್ಲಿ ಅದ್ದುವ ಪದ್ಧತಿಯೂ ಉಂಟು. ಹಾಗೆ ಮಾಡಿದರೆ ವಾಸನೆ ತೊಳೆದುಹೋಗುತ್ತದೆ, ಒದ್ದೆ ಕೂದಲಿಗೆ ಗೂಡಿನ ಮರದ ಸಿಪ್ಪೆ ಅಂಟಿ ಹಾವಿನ ಬಾಯೊಳಗೆ ಹೋಗುತ್ತದೆ. ಒದ್ದೆಯಾದುದನ್ನು ಕಾಗದದಿಂದ ಒರೆಸಿ ಕೊಡಬೇಕು.

ಮೈಕ್ರೋವೇವ್ ಒಲೆಯನ್ನು ಬಳಸಬಾರದೆಂಬ ವಿಷಯದಲ್ಲಿ ಅನುಭವಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ದ್ರವರೂಪದ ನೀರು ಮೈಕ್ರೋವೇವ್ ಶಕ್ತಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಮಂಜುಗಡ್ಡೆ ಹೀರುವುದು ಅತ್ಯಲ್ಪ. ಮೊದಲು ಕರಗಿದ ಭಾಗವೇ ಮತ್ತೆ ಮತ್ತೆ ಶಕ್ತಿಯನ್ನು ಹೀರಿ ಬೇಯುತ್ತದೆ, ಪಕ್ಕದ ಭಾಗ ಮಂಜಾಗಿಯೇ ಉಳಿಯುತ್ತದೆ. ಒಂದೇ ಇಲಿಯಲ್ಲಿ ಹಾವಿನ ಗಂಟಲನ್ನು ಸುಡುವ ಬಿಸಿಯೂ ಹೊಟ್ಟೆಯನ್ನು ಕೆಡಿಸುವ ತಣ್ಪೂ ಕೂಡಿರುತ್ತವೆ. ಮುಚ್ಚಿದ ದೇಹದೊಳಗೆ ಆವಿ ತುಂಬಿ ಅದು ಸಿಡಿಯುವುದೂ ಉಂಟು. ಆ ಬಳಿಕ ಅದೇ ಒಲೆಯಲ್ಲಿ ಮನೆಯವರ ಅನ್ನ ಬಿಸಿಯಾಗಬೇಕು.

ಉಣಿಸುವುದು ಮತ್ತು ಅನಂತರದ ಆರೈಕೆ

ದಂಶಕವನ್ನು ಉದ್ದನೆಯ ಚಿಮಟದಿಂದ ಹಿಡಿದು ಕೊಡಬೇಕು. ಶಾಖವನ್ನು ಗ್ರಹಿಸುವ ಹಾವಿಗೆ 37 ಡಿಗ್ರಿಯ ಇಲಿಗೂ ಮನುಷ್ಯನ ಬೆಚ್ಚನೆಯ ಕೈಗೂ ವ್ಯತ್ಯಾಸ ಹೆಚ್ಚಿಲ್ಲ. ಇಲಿ ಆರಿದ್ದರೆ ಕೈಯೇ ಉತ್ತಮ ಗುರಿಯಾಗಿ ಕಾಣುತ್ತದೆ. ಸಾಕುಹಾವಿನ ಕಡಿತಗಳಲ್ಲಿ ಅನೇಕವು ಸಿಟ್ಟಿನಿಂದಾದವಲ್ಲ, ಊಟದ ಹೊತ್ತಿನ ಇಂಥ ತಪ್ಪುಗ್ರಹಿಕೆಯಿಂದಾದವು. ಇಲಿಯನ್ನು ಮುಟ್ಟಿದ ಕೈಯಲ್ಲಿ ಹಾವನ್ನು ಎತ್ತುವುದೂ ಇದೇ ಕಾರಣಕ್ಕೆ ಅವಿವೇಕ.

ಹಾವು ಶೀತರಕ್ತ ಪ್ರಾಣಿ. ಅದರ ಜೀರ್ಣಶಕ್ತಿ ಹೊರಗಿನ ಶಾಖವನ್ನು ಅವಲಂಬಿಸಿದೆ. ಇಲಿಯನ್ನು ಎಷ್ಟೇ ಜಾಗರೂಕತೆಯಿಂದ ಬೆಚ್ಚಗೆ ಮಾಡಿದರೂ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಹಾವಿನ ಮೈಯ ಉಷ್ಣತೆಗೆ ಬಂದುಬಿಡುತ್ತದೆ. ಗೂಡಿನ ಒಂದು ಭಾಗ 30 ಡಿಗ್ರಿಯ ಆಸುಪಾಸಿನಲ್ಲಿ ಇಲ್ಲದಿದ್ದರೆ ಆಹಾರ ಜೀರ್ಣವಾಗುವ ಮೊದಲೇ ಹೊಟ್ಟೆಯಲ್ಲಿ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ. ಜೀರ್ಣಕ್ರಿಯೆ ಹಾವಿನ ದೇಹಕ್ಕೆ ಎಂಥ ದುಡಿಮೆ ಎಂಬುದಕ್ಕೆ ಬರ್ಮಾ ಹೆಬ್ಬಾವು ನಿದರ್ಶನ. ದೊಡ್ಡ ಊಟದ ಅನಂತರ ಎರಡು ದಿನಗಳೊಳಗೆ ಅದರ ಹೃದಯದ ಕೆಳಕೋಣೆಯ ತೂಕ ಶೇ. 40ರಷ್ಟು ಹೆಚ್ಚುತ್ತದೆಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಉಂಡ ಹಾವನ್ನು ಕನಿಷ್ಠ 48 ಗಂಟೆ ಎತ್ತಬಾರದು.

ಕಕ್ಕಿದ ಹಾವಿಗೆ ಮರುದಿನವೇ ಇನ್ನೊಂದು ಇಲಿ ಕೊಡುವುದು ಸಾಕುವವರ ಸಹಜವಾದ ಆದರೆ ಹಾನಿಕರವಾದ ಪ್ರತಿಕ್ರಿಯೆ. ಕಕ್ಕುವಾಗ ಜಠರದ ಆಮ್ಲವೂ ನೀರಿನಂಶವೂ ನಷ್ಟವಾಗಿ, ಅನ್ನನಾಳಕ್ಕೆ ಗಾಯವಾಗಿರುತ್ತದೆ. 10ರಿಂದ 14 ದಿನ ಬಿಟ್ಟು, ಮೊದಲಿಗಿಂತ ಚಿಕ್ಕ ದಂಶಕವನ್ನು ಕೊಡಬೇಕು. ಮತ್ತೆ ಕಕ್ಕಿದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಸತ್ತ ಆಹಾರವನ್ನು ನಿರಾಕರಿಸುವ ಹಾವುಗಳು

ಸೆರೆಯಲ್ಲೇ ಹುಟ್ಟಿದ ಹಾವುಗಳು ಸತ್ತ ದಂಶಕಗಳನ್ನು ಬೇಗ ಒಪ್ಪುತ್ತವೆ. ಕಾಡಿನಿಂದ ಹಿಡಿದು ತಂದವು, ಅಥವಾ ಜೀವಂತ ಇಲಿಗೆ ಒಗ್ಗಿದವು ಒಪ್ಪದಿರಬಹುದು. ಬಾಲ್ ಪೈಥಾನ್‌ಗಳನ್ನು ಘಾನಾ, ಟೋಗೊ, ಬೆನಿನ್ ದೇಶಗಳಿಂದ ದೊಡ್ಡ ಸಂಖ್ಯೆಯಲ್ಲಿ ರಫ್ತು ಮಾಡಲಾಗಿದೆ. ತಾಯ್ನಾಡಿನಲ್ಲಿ ಅಲ್ಲಿನ ಕಾಡು ದಂಶಕಗಳನ್ನು ತಿಂದು ಬೆಳೆದ ಹಾವಿಗೆ ಬಿಳಿಯ ಸಾಕು ಇಲಿಯ ವಾಸನೆಯೇ ಅಪರಿಚಿತ. ಅಂಥ ಹಾವುಗಳಿಗಾಗಿ ಇಲಿಯ ಮೈಗೆ ಜರ್ಬಿಲ್ ಅಥವಾ ಆಫ್ರಿಕಾದ ಮೃದುರೋಮದ ಇಲಿಯ ಹಾಸಿಗೆಯ ಹೊಟ್ಟನ್ನು ಉಜ್ಜಿ ವಾಸನೆ ಹಿಡಿಸುತ್ತಾರೆ. ಕೆಲವು ಹಾವುಗಳು ಚಿಮಟದಲ್ಲಿ ಆಡುವ ಇಲಿಗೆ ಹೆದರುತ್ತವೆ. ಅವುಗಳ ಅಡಗುದಾಣದ ಬಾಗಿಲಲ್ಲಿ ಇಟ್ಟು, ದೀಪವಾರಿಸಿ, ರಾತ್ರಿಗೆ ಬಿಟ್ಟರೆ ತಿನ್ನುತ್ತವೆ. ಬೆಳಿಗ್ಗೆ ಉಳಿದಿದ್ದರೆ ಎಸೆಯತಕ್ಕದ್ದು.

ಎಲ್ಲ ನಿರಾಕರಣೆಯೂ ರೋಗವಲ್ಲ. ಕಣ್ಣು ಮಬ್ಬಾಗಿ ಪೊರೆ ಬಿಡುವ ಕಾಲದಲ್ಲಿ, ಗಂಡುಗಳು ಬೆದೆಯ ಕಾಲದಲ್ಲಿ, ಹೆಣ್ಣುಗಳು ಗರ್ಭ ಧರಿಸಿದಾಗ ತಿನ್ನುವುದಿಲ್ಲ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದೂ ಆರೋಗ್ಯವಾಗಿರಬಲ್ಲದು. ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಆತಂಕಪಡಬೇಕಾದ ಉಪವಾಸ ಯಾವುದೆಂದು ತಿಳಿಯುತ್ತದೆ. ಬಲವಂತವಾಗಿ ಬಾಯಿ ತೆರೆಸಿ ತುರುಕುವುದನ್ನು ಪಶುವೈದ್ಯರಿಗೆ ಬಿಡಬೇಕು.

ಸಾಲ್ಮೊನೆಲ್ಲಾ ಸೋಂಕು

ಈ ಪದ್ಧತಿಯ ಅತಿ ಗಂಭೀರವಾದ ಅಪಾಯ ಹಾವಿಗಿಂತ ಮನುಷ್ಯರಿಗೆ ಹೆಚ್ಚು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹಾವಿನ ಕರುಳಿನಲ್ಲಿಯೂ ದಂಶಕದ ಕರುಳಿನಲ್ಲಿಯೂ ಯಾವ ರೋಗಲಕ್ಷಣವನ್ನೂ ತೋರದೆ ಇರಬಲ್ಲದು. ಮನುಷ್ಯರಲ್ಲಿ ಅದು ಜ್ವರ, ಹೊಟ್ಟೆನೋವು, ಭೇದಿಗಳನ್ನುಂಟುಮಾಡುತ್ತದೆ. ಚಿಕ್ಕ ಮಕ್ಕಳು, ವೃದ್ಧರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ರಕ್ತಕ್ಕೆ ಸೇರಿ ಪ್ರಾಣಾಪಾಯ ತರಬಹುದು.

2010ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಕಾಣಿಸಿಕೊಂಡ ಸಾಲ್ಮೊನೆಲ್ಲಾ ಪ್ರಕರಣಗಳ ಮೂಲವನ್ನು ಹುಡುಕುತ್ತ ಹೋದ ಅಧಿಕಾರಿಗಳು ಹೆಪ್ಪುಗಟ್ಟಿಸಿದ ದಂಶಕಗಳನ್ನು ತಲುಪಿದರು. ಆ ಸರಕನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಅದಕ್ಕೂ ಮೊದಲೇ ಬ್ರಿಟನ್ನಿನಲ್ಲಿ ಅಮೆರಿಕದಿಂದ ಆಮದಾದ ಹೆಪ್ಪುಗಟ್ಟಿಸಿದ ಚಿಟ್ಟಿಲಿಗಳಿಂದ ಇದೇ ಬಗೆಯ ಸೋಂಕು ಹರಡಿತ್ತು. 2014ರಲ್ಲಿ ಅಮೆರಿಕದಲ್ಲಿ ಇಂಥದೇ ಇನ್ನೊಂದು ಹರಡುವಿಕೆ ವರದಿಯಾಯಿತು. ಬ್ರಿಟನ್ನಿನಲ್ಲಿ 2015ರಿಂದ ಮುಂದುವರಿದ ಮತ್ತೊಂದು ಸರಣಿಯಲ್ಲಿ 2021ರ ಹೊತ್ತಿಗೆ 800ಕ್ಕೂ ಹೆಚ್ಚು ಮಂದಿ ರೋಗಪೀಡಿತರಾಗಿದ್ದರು. ಅವರಲ್ಲಿ ಮಕ್ಕಳ ಸಂಖ್ಯೆ ದೊಡ್ಡದಾಗಿತ್ತು. ಅದರ ಮೂಲ ಲಿಥುವೇನಿಯಾದಿಂದ ಬಂದ ದಂಶಕಗಳೆಂದು ಗುರುತಿಸಿ 2022ರಲ್ಲಿ ಅಲ್ಲಿನ ಆಮದನ್ನು ತಡೆಯಲಾಯಿತು. ಕೆಲವು ಉತ್ಪಾದಕರು ವಿಕಿರಣದಿಂದ ರೋಗಾಣುಗಳನ್ನು ತಗ್ಗಿಸಿದ ದಂಶಕಗಳನ್ನು ಮಾರುತ್ತಾರೆ. ಆದರೂ ಮನೆಯ ಎಚ್ಚರಿಕೆಗಳು ತಪ್ಪುವುದಿಲ್ಲ.

ಆ ಎಚ್ಚರಿಕೆಗಳಲ್ಲಿ ಕಷ್ಟವಾದುದು ಯಾವುದೂ ಇಲ್ಲ. ಕರಗಿಸುವ ಪಾತ್ರೆ, ಚಿಮಟ, ಕತ್ತರಿಗಳನ್ನು ಅಡುಗೆಗೆ ಬಳಸಬಾರದು. ಅಡುಗೆಮನೆಯ ತೊಟ್ಟಿಯಲ್ಲಿ ಕರಗಿಸಬಾರದು. ಅನಿವಾರ್ಯವಾದರೆ ಬಳಿಕ ಸೋಪಿನಿಂದ ತೊಳೆದು ಬ್ಲೀಚ್ ದ್ರಾವಣದಿಂದ ಒರೆಸಬೇಕು. ಕೈಗಳನ್ನು ಸೋಪು ಹಚ್ಚಿ 20 ಸೆಕೆಂಡು ತೊಳೆಯಬೇಕು. 5 ವರ್ಷಕ್ಕಿಂತ ಚಿಕ್ಕ ಮಕ್ಕಳು ಸರೀಸೃಪಗಳನ್ನಾಗಲಿ ಅವುಗಳ ಆಹಾರವನ್ನಾಗಲಿ ಮುಟ್ಟಬಾರದೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ಸಲಹೆ ನೀಡುತ್ತದೆ. ಶಿಶುವಿರುವ ಮನೆಯಲ್ಲಿ ಹಿರಿಯರೊಬ್ಬರು ಇಲಿಯನ್ನು ಕರಗಿಸಿ, ಕೈ ತೊಳೆಯದೆ ಹಾಲಿನ ಬಾಟಲಿಯನ್ನು ಮುಟ್ಟಿದರೆ ಸಾಕು. ಹಾವನ್ನು ಕಂಡೇ ಇರದ ಮಗುವಿಗೂ ಸೋಂಕು ತಗಲುತ್ತದೆ.

ಭಾರತದಲ್ಲಿ

ಭಾರತದ ಹಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ನಾಗರಹಾವು, ಕೇರೆಹಾವು, ಹೆಬ್ಬಾವು ಮೊದಲಾದವುಗಳನ್ನು ಹಿಡಿಯುವುದಾಗಲಿ ಮನೆಯಲ್ಲಿ ಸಾಕುವುದಾಗಲಿ ಶಿಕ್ಷಾರ್ಹ ಅಪರಾಧ. ಹೀಗಾಗಿ ಇಲ್ಲಿ ಈ ಪದ್ಧತಿ ಅನ್ವಯಿಸುವುದು ವಿದೇಶೀ ಹಾವುಗಳಿಗೆ ಮಾತ್ರ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ಅನಂತರ ಇಂಥ ಅನುಬಂಧಗಳಲ್ಲಿನ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ವರದಿ ಮಾಡಿ ನೋಂದಾಯಿಸಬೇಕು. ಇದರ ವಿಧಾನವನ್ನು 2024ರ ನಿಯಮಗಳು ತಿಳಿಸುತ್ತವೆ. ಕಳ್ಳಸಾಗಣೆ ನಿಂತಿಲ್ಲ. ಬ್ಯಾಂಕಾಕ್‌ನಿಂದ ಬಂದ ಸಾಮಾನುಗಳಲ್ಲಿ ಅಡಗಿಸಿದ್ದ 50ಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳನ್ನು 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಸುಂಕ ಅಧಿಕಾರಿಗಳು ವಶಪಡಿಸಿಕೊಂಡರು.

ಜೀವಂತ ಇಲಿಯನ್ನು ಹಾವಿಗೆ ಒಡ್ಡಿ ಅದನ್ನು ನೋಟವಾಗಿ ತೋರಿಸುವುದು ಭಾರತದಲ್ಲಿ ಕಾನೂನಿಗೆ ವಿರುದ್ಧ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು, ಕೇವಲ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಮತ್ತೊಂದರ ಬೇಟೆಯಾಗಿಸುವುದನ್ನು ಕ್ರೌರ್ಯದ ಪಟ್ಟಿಯಲ್ಲಿ ಸೇರಿಸಿದೆ. ಈ ಪಟ್ಟಿಯಲ್ಲಿ ಹುಲಿಗೆ ಆಮಿಷವಾಗಿ ಪ್ರಾಣಿಯನ್ನು ಕಟ್ಟುವ ಹಳೆಯ ರೂಢಿಯನ್ನೂ ಹೆಸರಿಸಲಾಗಿದೆ.